ಸಿಇಟಿ ಗಣಿತ: ಅಭ್ಯಾಸ ಪ್ರಶ್ನೆಗಳ ಮೂಲಕ ಸಿದ್ಧತೆ

ದ್ವಿತೀಯ ಪಿಯುಸಿ ಮುಗಿಸಿದ ವಿಜ್ಞಾನ ವಿದ್ಯಾರ್ಥಿಗಳನ್ನು ವೃತ್ತಿಶಿಕ್ಷಣ ಕಾಲೇಜುಗಳಿಗೆ ಆರಿಸಲು ಕರ್ನಾಟಕದಲ್ಲಿ ಪ್ರತಿವರ್ಷ ನಡೆಯುವ ಸಾಮಾನ್ಯ ಪ್ರವೇಶ ಪರೀಕ್ಷೆಗೆ ಸಿಇಟಿ ಎಂದು ಹೆಸರು. ಎಂಜಿನಿಯರಿಂಗ್ ಸೇರಬಯಸುವವರಿಗೆ ಇದರ ಗಣಿತ ಪತ್ರಿಕೆ ಕಡ್ಡಾಯ. ಅದರಲ್ಲಿ 60 ಪ್ರಶ್ನೆಗಳಿದ್ದು, ಬಿಡಿಸಲು 80 ನಿಮಿಷ ಸಿಗುತ್ತದೆ. ಈ ಪತ್ರಿಕೆಗೆ ವಿದ್ಯಾರ್ಥಿಗಳು ತಯಾರಾಗುವ ಮುಖ್ಯ ದಾರಿ ಎಂದರೆ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಮಾದರಿ ಪ್ರಶ್ನೆಗಳನ್ನೂ ಬಿಡಿಸುವುದು. ಈ ಪರೀಕ್ಷೆ ಹುಟ್ಟಿದ ಬಗೆ, ಅದರ ಸ್ವರೂಪ, ಅಭ್ಯಾಸ ಪ್ರಶ್ನೆಗಳ ವಿಧಗಳು ಮತ್ತು ಬಳಸುವ ಕ್ರಮವನ್ನು ಚಾಮರಾಜನಗರ ತಾಲ್ಲೂಕಿನ ಹರದನಹಳ್ಳಿಯಂಥ ಊರಿನ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಸಿಇಟಿಯ ಬೇರು ಇರುವುದು ಸೀಟು ಮಾರಾಟದ ವಿರುದ್ಧ ನಡೆದ ಹೋರಾಟದಲ್ಲಿ. ಖಾಸಗಿ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳು ಕರ್ನಾಟಕದಲ್ಲಿ ಬೇರೆ ರಾಜ್ಯಗಳಿಗಿಂತ ಮೊದಲೇ ಬೆಳೆದವು. ಅವುಗಳ ಜತೆಗೇ ಕ್ಯಾಪಿಟೇಷನ್ ಶುಲ್ಕವೆಂಬ ಪಿಡುಗೂ ಬೆಳೆಯಿತು. ಅದನ್ನು ತಡೆಯಲು ರಾಜ್ಯ ಸರ್ಕಾರ 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತು. 1992ರಲ್ಲಿ ಕರ್ನಾಟಕದಿಂದಲೇ ಹೋದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಶುಲ್ಕವನ್ನು ತಳ್ಳಿಹಾಕಿತು. 1993ರ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಖಾಸಗಿ ಕಾಲೇಜುಗಳ ಸೀಟುಗಳನ್ನು ಉಚಿತ ಸೀಟು, ಪಾವತಿ ಸೀಟು ಎಂದು ವಿಂಗಡಿಸಿ, ಅರ್ಹತೆಯ ಪಟ್ಟಿಯಂತೆಯೇ ಅವುಗಳನ್ನು ಹಂಚಬೇಕೆಂದು ವಿಧಿಸಿತು. ಅದರ ಬೆನ್ನಿಗೆ 1994ರಲ್ಲಿ ಬೆಂಗಳೂರಿನಲ್ಲಿ ಸಿಇಟಿ ಘಟಕ ಸ್ಥಾಪನೆಯಾಯಿತು. ಅದೇ ಮುಂದೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವಾಗಿ ಬೆಳೆದು ಇಂದು ಮಲ್ಲೇಶ್ವರದಿಂದ ಕೆಲಸ ಮಾಡುತ್ತಿದೆ.

2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣ ಮತ್ತು 2005ರ ಇನಾಂದಾರ್ ಪ್ರಕರಣದ ತೀರ್ಪುಗಳು ಖಾಸಗಿ ಕಾಲೇಜುಗಳಿಗೆ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟವು. ಆ ಹೊತ್ತಿನಲ್ಲೇ ಖಾಸಗಿ ಕಾಲೇಜುಗಳ ಒಕ್ಕೂಟದ ಕಾಮೆಡ್-ಕೆ ಪರೀಕ್ಷೆಯೂ ಹುಟ್ಟಿತು. 2016ರಿಂದ ವೈದ್ಯಕೀಯ ಸೀಟುಗಳು ನೀಟ್ ಪರೀಕ್ಷೆಯ ವ್ಯಾಪ್ತಿಗೆ ಹೋದವು. ಎಂಜಿನಿಯರಿಂಗ್, ಕೃಷಿ ವಿಜ್ಞಾನ, ಫಾರ್ಮಸಿ ಮುಂತಾದ ಕೋರ್ಸುಗಳ ಸರ್ಕಾರಿ ಕೋಟಾದ ಸೀಟುಗಳಿಗೆ ಇಂದಿಗೂ ಸಿಇಟಿಯೇ ಬಾಗಿಲು. ಹಣವಿದ್ದವರಿಗೆ ಮಾತ್ರ ತೆರೆಯುತ್ತಿದ್ದ ಬಾಗಿಲನ್ನು ಲೆಕ್ಕ ಬಲ್ಲವರಿಗೂ ತೆರೆಯುವುದಕ್ಕಾಗಿ ಈ ವ್ಯವಸ್ಥೆ ಬಂದಿತೆಂಬುದನ್ನು ಮರೆಯಬಾರದು.

ಪತ್ರಿಕೆಯ ಸ್ವರೂಪ

ಗಣಿತ ಪತ್ರಿಕೆಯ ಪ್ರತಿ ಪ್ರಶ್ನೆಗೂ ನಾಲ್ಕು ಆಯ್ಕೆಗಳಿರುತ್ತವೆ, ಒಂದು ಸರಿ ಉತ್ತರಕ್ಕೆ ಒಂದು ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕ್ಯಾಲ್ಕುಲೇಟರ್‌ಗೆ ಅವಕಾಶವಿಲ್ಲ. ಉತ್ತರಗಳನ್ನು ಓಎಂಆರ್ ಹಾಳೆಯ ವೃತ್ತಗಳಲ್ಲಿ ಬಾಲ್ ಪಾಯಿಂಟ್ ಪೆನ್ನಿನಿಂದ ತುಂಬಬೇಕು. 60 ಪ್ರಶ್ನೆಗಳಿಗೆ 80 ನಿಮಿಷ ಎಂದರೆ ಒಂದು ಪ್ರಶ್ನೆಗೆ ಸರಾಸರಿ 80 ಸೆಕೆಂಡು. ಓದುವುದು, ಯೋಚಿಸುವುದು, ಲೆಕ್ಕ ಮಾಡುವುದು, ವೃತ್ತ ತುಂಬುವುದು ಎಲ್ಲವೂ ಅಷ್ಟರಲ್ಲೇ ಆಗಬೇಕು.

ಎಂಜಿನಿಯರಿಂಗ್ ರ‍್ಯಾಂಕನ್ನು ಸಿಇಟಿಯ ಅಂಕಗಳಿಂದ ಅರ್ಧ, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಂದ ಅರ್ಧ ಎಂಬಂತೆ ಲೆಕ್ಕಹಾಕುತ್ತಾರೆ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಪಿಯುಸಿ ಪರೀಕ್ಷೆಯೇ ನಡೆಯದ ಕಾರಣ ಸಿಇಟಿ ಅಂಕಗಳನ್ನು ಮಾತ್ರ ಪರಿಗಣಿಸಲಾಯಿತು. ಅರ್ಧ-ಅರ್ಧದ ಲೆಕ್ಕಕ್ಕೆ ಉದಾಹರಣೆಯಾಗಿ, ಪಿಯುಸಿಯ ಮೂರು ವಿಷಯಗಳಲ್ಲಿ 300ಕ್ಕೆ 270, ಸಿಇಟಿಯ ಅದೇ ಮೂರು ವಿಷಯಗಳಲ್ಲಿ 180ಕ್ಕೆ 108 ಪಡೆದ ವಿದ್ಯಾರ್ಥಿನಿಯನ್ನು ತೆಗೆದುಕೊಳ್ಳಬಹುದು. ಮೊದಲನೆಯದು ಶೇ 90, ಅದರ ಅರ್ಧ 45. ಎರಡನೆಯದು ಶೇ 60, ಅದರ ಅರ್ಧ 30. ಒಟ್ಟು 75.

ಈ ಲೆಕ್ಕದೊಳಗೆ ಹಲವರ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ಪಿಯುಸಿಯ 300 ಅಂಕಗಳಿಗೂ ಸಿಇಟಿಯ 180 ಅಂಕಗಳಿಗೂ ಒಂದೇ ತೂಕ. ಆದ್ದರಿಂದ ಸಿಇಟಿಯ 3 ಅಂಕಗಳು ಪಿಯುಸಿಯ 5 ಅಂಕಗಳಿಗೆ ಸಮ. ವಾರ್ಷಿಕ ಪರೀಕ್ಷೆಯಲ್ಲಿ ಐದು ಅಂಕದ ಒಂದು ದೊಡ್ಡ ಲೆಕ್ಕ ಕೈತಪ್ಪಿದ್ದರೆ, ಸಿಇಟಿಯಲ್ಲಿ ಮೂರು ಸಣ್ಣ ಪ್ರಶ್ನೆಗಳನ್ನು ಹೆಚ್ಚಾಗಿ ಸರಿಮಾಡಿ ಅದನ್ನು ತುಂಬಿಕೊಳ್ಳಬಹುದು.

ಪಠ್ಯವ್ಯಾಪ್ತಿ

ಪ್ರಥಮ ಮತ್ತು ದ್ವಿತೀಯ ಪಿಯುಸಿ ಎರಡರ ಗಣಿತವೂ ಸಿಇಟಿಗೆ ಸೇರುತ್ತದೆ. ಕರ್ನಾಟಕದ ಪಿಯು ವಿಜ್ಞಾನ ವಿಭಾಗ 2012-13ರಿಂದ ಎನ್‌ಸಿಇಆರ್‌ಟಿ ಪಠ್ಯಕ್ರಮವನ್ನು ಹಂತಹಂತವಾಗಿ ಅಳವಡಿಸಿಕೊಂಡಿತು. ಗಣಗಳು, ತ್ರಿಕೋನಮಿತಿ, ಕ್ರಮಯೋಜನೆ ಮತ್ತು ವಿಕಲ್ಪ, ದ್ವಿಪದ ಪ್ರಮೇಯ, ಸರಳರೇಖೆ, ಶಂಕುಜಗಳು, ಮಿತಿ ಮೊದಲಾದವು ಮೊದಲ ವರ್ಷದವು. ಮಾತೃಕೆ, ನಿರ್ಧಾರಕ, ಅವಕಲನ, ಅನುಕಲನ, ಅವಕಲ ಸಮೀಕರಣ, ಸದಿಶ, ಮೂರು ಆಯಾಮದ ಜ್ಯಾಮಿತಿ, ಸಂಭವನೀಯತೆ ಎರಡನೆಯ ವರ್ಷದವು. ಮೊದಲ ವರ್ಷದ ಪುಸ್ತಕವನ್ನು ಅಟ್ಟಕ್ಕೆ ಹಾಕಿಬಿಡುವುದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ಅವಕಲನದ ಪ್ರಶ್ನೆಯೊಳಗೂ ತ್ರಿಕೋನಮಿತಿ ಇರುತ್ತದೆ. ಸೂತ್ರ ಮರೆತಿದ್ದರೆ ಅಲ್ಲಿಯೂ ಎಡವಬೇಕಾಗುತ್ತದೆ.

ಪಠ್ಯವ್ಯಾಪ್ತಿಯ ಪ್ರಶ್ನೆ 2024ರಲ್ಲಿ ದೊಡ್ಡ ವಿವಾದವಾಯಿತು. ಆ ವರ್ಷದ ಏಪ್ರಿಲ್ 18 ಮತ್ತು 19ರಂದು ನಡೆದ ಸಿಇಟಿಯಲ್ಲಿ ಪಠ್ಯದಿಂದ ಕೈಬಿಟ್ಟಿದ್ದ ಭಾಗಗಳಿಂದಲೂ ಪ್ರಶ್ನೆಗಳು ಬಂದಿದ್ದವು. ವಿದ್ಯಾರ್ಥಿಗಳೂ ಪೋಷಕರೂ ಪ್ರತಿಭಟಿಸಿದ ಮೇಲೆ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಹೊರಗಿಡಲಾಯಿತು. ಅವುಗಳಲ್ಲಿ 15 ಗಣಿತದವು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವವರು ತಾವು ಪರೀಕ್ಷೆ ಬರೆಯುವ ವರ್ಷದ ಅಧಿಕೃತ ಪಠ್ಯಕ್ರಮವನ್ನು ಪಕ್ಕದಲ್ಲಿಟ್ಟುಕೊಂಡು, ಕೈಬಿಟ್ಟ ಅಧ್ಯಾಯಗಳ ಪ್ರಶ್ನೆಗಳನ್ನು ಮೊದಲೇ ಗುರುತು ಮಾಡಿಕೊಳ್ಳುವುದು ಒಳ್ಳೆಯದು.

ಹರದನಹಳ್ಳಿ ಸೀಮೆ

ಹರದನಹಳ್ಳಿ ಚಾಮರಾಜನಗರ ಪಟ್ಟಣಕ್ಕೆ ಹತ್ತಿರದ ಹಳೆಯ ಊರು. ದಿವ್ಯಲಿಂಗೇಶ್ವರ ದೇವಾಲಯದಿಂದ ಇದು ಹೆಸರಾಗಿದೆ. ಗೋಸಲ ಚನ್ನಬಸವೇಶ್ವರರ ಪರಂಪರೆಯೂ ಎಡೆಯೂರಿನಲ್ಲಿ ನೆಲೆಯಾದ ತೋಂಟದ ಸಿದ್ಧಲಿಂಗ ಯತಿಗಳ ನೆನಪೂ ಈ ಊರಿನೊಂದಿಗೆ ಬೆಸೆದುಕೊಂಡಿವೆ. ಊರ ಹೆಸರಿನಲ್ಲಿರುವ ‘ಹರದ’ ಎಂಬ ಹಳಗನ್ನಡ ಮಾತಿಗೆ ವರ್ತಕ ಎಂದು ಅರ್ಥ. ತೂಕ, ಅಳತೆ, ಬಡ್ಡಿಯ ಲೆಕ್ಕವಿಲ್ಲದೆ ವರ್ತಕನ ಬದುಕಿಲ್ಲ.

ಚಾಮರಾಜನಗರ 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾಯಿತು. 2007ರಲ್ಲಿ ಇಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಅದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದೆ. 2016ರಲ್ಲಿ ವೈದ್ಯಕೀಯ ಕಾಲೇಜು ಬಂತು. ಓದಲು ಮೈಸೂರಿಗೋ ಬೆಂಗಳೂರಿಗೋ ಹೋಗಲೇಬೇಕೆಂಬ ಕಾಲ ಕಳೆದು, ಊರಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರಕ್ಕೆ ಎಂಜಿನಿಯರಿಂಗ್ ಬಂದಿದೆ.

ಕಾಲೇಜು ಹತ್ತಿರ ಬಂದರೂ ತರಬೇತಿ ಇನ್ನೂ ದೂರದಲ್ಲೇ ಇದೆ. ಅನುಕೂಲವಿರುವ ಕುಟುಂಬಗಳು ಮಕ್ಕಳನ್ನು ಮೈಸೂರು, ಮಂಗಳೂರು, ಮೂಡುಬಿದಿರೆಯ ವಸತಿ ಕಾಲೇಜುಗಳಿಗೆ ಕಳಿಸುತ್ತವೆ. ಅರಿಸಿನ, ಬಾಳೆ ಬೆಳೆಯುವ ಹರದನಹಳ್ಳಿಯ ಸುತ್ತಮುತ್ತಲ ಮನೆಗಳಿಗೂ ಹೂವು, ತರಕಾರಿ ಬೆಳೆಯುವ ಗುಂಡ್ಲುಪೇಟೆಯ ಕಡೆಯ ಮನೆಗಳಿಗೂ ಆ ಶುಲ್ಕ ಸುಲಭದ ಮಾತಲ್ಲ. ಅಲ್ಲಿನ ವಿದ್ಯಾರ್ಥಿಗೆ ಉಳಿಯುವ ಆಸರೆ ಎಂದರೆ ಸರ್ಕಾರಿ ಅಥವಾ ಅನುದಾನಿತ ಪಿಯು ಕಾಲೇಜಿನ ಉಪನ್ಯಾಸಕರು, ಪಠ್ಯಪುಸ್ತಕ, ಹಳೆಯ ಪ್ರಶ್ನೆಪತ್ರಿಕೆಗಳು, ಮೊಬೈಲ್ ಫೋನು. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಹೊತ್ತಿನಲ್ಲಿ ರಾಜ್ಯ ಸರ್ಕಾರ ‘ಗೆಟ್‌ಸಿಇಟಿಗೋ’ ಎಂಬ ಉಚಿತ ಆನ್‌ಲೈನ್ ತರಬೇತಿಯನ್ನು ಆರಂಭಿಸಿದ್ದು ಇಂಥವರ ಸಲುವಾಗಿಯೇ. ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಯಾವ ಶುಲ್ಕವೂ ಇಲ್ಲದೆ ಸಿಗುತ್ತವೆ.

ಸೀಟು ಹಂಚಿಕೆಯಲ್ಲಿ ಈ ಮಕ್ಕಳಿಗೆ ಎರಡು ಮುಖ್ಯ ಆಸರೆಗಳಿವೆ. 1ರಿಂದ 10ನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15ರಷ್ಟು, ಆ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರಷ್ಟು ಮೀಸಲಾತಿಯಿದೆ. ಅರ್ಜಿ ತುಂಬುವಾಗ ಇವನ್ನು ಸರಿಯಾಗಿ ನಮೂದಿಸಿ, ಶಾಲೆಯಿಂದ ಪ್ರಮಾಣಪತ್ರ ಪಡೆದಿಟ್ಟುಕೊಳ್ಳುವುದೂ ಸಿದ್ಧತೆಯ ಭಾಗವೇ. ರಾಜ್ಯದ ಹೊರಗಿನ ಕನ್ನಡ ಮಕ್ಕಳಿಗೂ ದಾರಿಯಿದೆ. ಕಾಸರಗೋಡು, ಅಕ್ಕಲಕೋಟೆ, ಜತ್ತ ಮುಂತಾದ ಕಡೆಯ ಗಡಿನಾಡ ಕನ್ನಡಿಗರಿಗೂ ಹೊರನಾಡ ಕನ್ನಡಿಗರಿಗೂ ಪ್ರಾಧಿಕಾರ 50 ಅಂಕಗಳ ಕನ್ನಡ ಭಾಷಾ ಪರೀಕ್ಷೆಯನ್ನು ಪ್ರತ್ಯೇಕವಾಗಿ ನಡೆಸುತ್ತದೆ.

ಲೆಕ್ಕ ಬಿಡಿಸಿ ಕಲಿಯುವ ಪರಂಪರೆ

ಉದಾಹರಣೆಗಳನ್ನು ಬಿಡಿಸುತ್ತಾ ಗಣಿತ ಕಲಿಯುವ ರೂಢಿ ಕನ್ನಡ ನಾಡಿಗೆ ಹೊಸದಲ್ಲ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ ಸೂತ್ರ ಹೇಳಿ, ಬೆನ್ನಲ್ಲೇ ಲೆಕ್ಕಗಳನ್ನು ಕೊಡುವ ಗ್ರಂಥ. ಪ್ರೊ. ಪದ್ಮಾವತಮ್ಮ ಅವರ ಕನ್ನಡ ಅನುವಾದ 2000ದಲ್ಲಿ ಹೊರಬಂದಿತು. 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದವನ್ನು ಕನ್ನಡದಲ್ಲೇ ಬರೆದು, ಕನ್ನಡದ ಮೊದಲ ಗಣಿತ ಗ್ರಂಥಕಾರನೆನಿಸಿದ.

ಇಂದಿನ ಸಿಇಟಿಯಲ್ಲಿ ಬರುವ ವಿಕಲ್ಪದ ಸೂತ್ರವನ್ನು ಸಾಮಾನ್ಯ ರೂಪದಲ್ಲಿ ಮಹಾವೀರಾಚಾರ್ಯರು ಆಗಲೇ ಕೊಟ್ಟಿದ್ದರು. ಅವರು ತೆಗೆದುಕೊಂಡ ಉದಾಹರಣೆ ಆರು ರುಚಿಗಳದು. ಸಿಹಿ, ಹುಳಿ, ಉಪ್ಪು, ಕಹಿ, ಖಾರ, ಒಗರು ಎಂಬ ಆರರಲ್ಲಿ ಮೂರನ್ನು ಬೆರೆಸುವ ಬಗೆಗಳೆಷ್ಟು? ಮೇಲೆ 6, 5, 4 ಎಂದು ಇಳಿಸುತ್ತಾ, ಕೆಳಗೆ 1, 2, 3 ಎಂದು ಏರಿಸುತ್ತಾ ಬರೆದು, ಮೇಲಿನ ಗುಣಲಬ್ಧ 120ನ್ನು ಕೆಳಗಿನ ಗುಣಲಬ್ಧ 6ರಿಂದ ಭಾಗಿಸಿದರೆ 20. ಯುಗಾದಿಯ ಬೇವು-ಬೆಲ್ಲ ಮೆದ್ದ ಮಗುವಿಗೂ ಹಿಡಿಸುವ ಈ ಲೆಕ್ಕವೇ ಇಂದು ನಾಲ್ಕು ಆಯ್ಕೆಗಳ ಪ್ರಶ್ನೆಯಾಗಿ ಬರುತ್ತದೆ.

ಅಭ್ಯಾಸ ಪ್ರಶ್ನೆಗಳ ವಿಧಗಳು

ವಿದ್ಯಾರ್ಥಿಯ ಕೈಗೆ ಸಿಗುವ ಪ್ರಶ್ನೆಗಳು ಮುಖ್ಯವಾಗಿ ನಾಲ್ಕು ಬಗೆಯವು. ಮೊದಲನೆಯವು ಪಠ್ಯಪುಸ್ತಕದ ಅಭ್ಯಾಸಗಳು, ತಳಹದಿ ಇವುಗಳದೇ. ಎರಡನೆಯವು ಎನ್‌ಸಿಇಆರ್‌ಟಿಯ ಎಕ್ಸೆಂಪ್ಲರ್ ಪುಸ್ತಕದ ಬಹು ಆಯ್ಕೆ ಪ್ರಶ್ನೆಗಳು. ಇವು ಉತ್ತರಗಳೊಂದಿಗೆ ಉಚಿತವಾಗಿ ಸಿಗುತ್ತವೆ. ಮೂರನೆಯವು ಹಿಂದಿನ ವರ್ಷಗಳ ಸಿಇಟಿ ಪತ್ರಿಕೆಗಳು. ನಾಲ್ಕನೆಯವು ಖಾಸಗಿ ಪ್ರಕಾಶಕರೂ ತರಬೇತಿ ಕೇಂದ್ರಗಳೂ ಹೊರತರುವ ಮಾದರಿ ಪತ್ರಿಕೆಗಳು. ಕೆಲವು ಮಾದರಿ ಪತ್ರಿಕೆಗಳಲ್ಲಿ ಮುದ್ರಣದೋಷಗಳೂ ತಪ್ಪು ಉತ್ತರಗಳೂ ಇರುವುದರಿಂದ ಮೊದಲ ಮೂರನ್ನು ಮುಗಿಸದೆ ನಾಲ್ಕನೆಯದಕ್ಕೆ ಕೈಹಾಕುವುದು ತರವಲ್ಲ.

ವಾರ್ಷಿಕ ಪರೀಕ್ಷೆಯ ಓದಿಗೂ ಸಿಇಟಿ ಓದಿಗೂ ಇರುವ ವ್ಯತ್ಯಾಸವನ್ನು ಅನುಕಲನದ ಒಂದು ಪರಿಚಿತ ಲೆಕ್ಕದಲ್ಲಿ ಕಾಣಬಹುದು. ಸೊನ್ನೆಯಿಂದ ಪೈಯ ಅರ್ಧದವರೆಗೆ, ಸೈನ್ ಅನ್ನು ಸೈನ್ ಮತ್ತು ಕಾಸ್‌ಗಳ ಮೊತ್ತದಿಂದ ಭಾಗಿಸಿ ಅನುಕಲಿಸಬೇಕು. ವಾರ್ಷಿಕ ಪರೀಕ್ಷೆಯಲ್ಲಿ ಇದರ ಗುಣಧರ್ಮವನ್ನು ಬರೆದು, ಸಾಲುಸಾಲಾಗಿ ಸಾಧಿಸಬೇಕು. ಸಿಇಟಿಯಲ್ಲಿ ಸೈನ್ ಮತ್ತು ಕಾಸ್ ಅದಲುಬದಲಾದರೂ ಬೆಲೆ ಬದಲಾಗದೆಂದು ಕಂಡರೆ ಸಾಕು. ಎರಡನ್ನೂ ಕೂಡಿಸಿದರೆ ಒಳಗೆ ಬರೀ 1 ಉಳಿಯುತ್ತದೆ, ಅದರ ಅನುಕಲನ ಪೈಯ ಅರ್ಧ. ಆದ್ದರಿಂದ ಕೇಳಿದ ಬೆಲೆ ಪೈಯ ಕಾಲು ಭಾಗ. ಇಪ್ಪತ್ತು ಸೆಕೆಂಡಿನ ಕೆಲಸ. ಆದರೆ ಸಾಧಿಸಲು ಬಾರದವನಿಗೆ ಈ ಇಪ್ಪತ್ತು ಸೆಕೆಂಡಿನ ದಾರಿ ಕಾಣುವುದಿಲ್ಲ. ಪಿಯುಸಿ ಓದು ಬೇರೆ, ಸಿಇಟಿ ಓದು ಬೇರೆ ಎನ್ನುವ ಮಾತು ಅರ್ಧಸತ್ಯ ಮಾತ್ರ.

ಆಯ್ಕೆಗಳನ್ನೇ ಬಳಸಿ ಉತ್ತರ ಹುಡುಕುವುದೂ ಕಲಿಯಬೇಕಾದ ಕೌಶಲ. 1ರಿಂದ ‘ಎನ್’ವರೆಗಿನ ಪ್ರತಿ ಸಂಖ್ಯೆಯನ್ನೂ ಅದರದೇ ಫ್ಯಾಕ್ಟೋರಿಯಲ್‌ನಿಂದ ಗುಣಿಸಿ ಕೂಡಿಸಿದರೆ ಮೊತ್ತವೆಷ್ಟು ಎಂಬ ಪ್ರಶ್ನೆ ಬಂದಿತೆನ್ನಿ. ‘ಎನ್’ಗೆ 1 ಹಾಕಿದರೆ ಮೊತ್ತ 1, 2 ಹಾಕಿದರೆ 5, 3 ಹಾಕಿದರೆ 23. ಇವು 2, 6, 24 ಎಂಬ ಫ್ಯಾಕ್ಟೋರಿಯಲ್‌ಗಳಿಗಿಂತ ಒಂದೊಂದು ಕಡಿಮೆ. ಹಾಗೆ ಹೊಂದುವ ಆಯ್ಕೆಯೇ ಉತ್ತರ. ಇದು ಸಾಧನೆಯಲ್ಲ, ಆದರೆ 80 ಸೆಕೆಂಡಿನಲ್ಲಿ ಸರಿ ಉತ್ತರ ತಲುಪಲು ನ್ಯಾಯವಾದ ದಾರಿ.

ಒಂದು ಪ್ರಶ್ನೆ, ಮೂರು ತಪ್ಪುಗಳು

ಅಭ್ಯಾಸದ ನಿಜವಾದ ಫಲ ಸಿಗುವುದು ತಪ್ಪಾದ ಉತ್ತರಗಳಲ್ಲಿ. ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ.

ಮೂರು ಸಾಲು, ಮೂರು ಕಂಬಗಳ ಒಂದು ಮಾತೃಕೆಯ ನಿರ್ಧಾರಕದ ಬೆಲೆ 4. ಆ ಮಾತೃಕೆಯನ್ನು 2ರಿಂದ ಗುಣಿಸಿದರೆ ಹೊಸ ನಿರ್ಧಾರಕದ ಬೆಲೆ ಎಷ್ಟು? ಆಯ್ಕೆಗಳು: 8, 16, 32, 64.

ಸರಿ ಉತ್ತರ 32. ಮಾತೃಕೆಯನ್ನು 2ರಿಂದ ಗುಣಿಸಿದಾಗ ಮೂರು ಸಾಲುಗಳೂ ಇಮ್ಮಡಿಯಾಗುತ್ತವೆ. ಪ್ರತಿ ಸಾಲಿನಿಂದ ಒಂದೊಂದು 2 ಹೊರಬರುತ್ತದೆ, ಎಂಟು ಪಟ್ಟಾಗುತ್ತದೆ. ಎಂಟು ನಾಲ್ಕಲೆ ಮೂವತ್ತೆರಡು.

8 ಎಂದು ಗುರುತಿಸಿದವಳು ಒಂದೇ ಸಾಲನ್ನು ಇಮ್ಮಡಿಸಿದ್ದಾಳೆ. ಮಾತೃಕೆಯನ್ನು ಗುಣಿಸುವುದಕ್ಕೂ ನಿರ್ಧಾರಕವನ್ನು ಗುಣಿಸುವುದಕ್ಕೂ ಇರುವ ಅಂತರ ಅವಳಿಗೆ ಸ್ಪಷ್ಟವಾಗಿಲ್ಲ. 16 ಎಂದವನು ಅಡ್ಜಾಯಿಂಟ್‌ನ ನಿರ್ಧಾರಕದ ಸೂತ್ರವನ್ನು ಇಲ್ಲಿಗೆ ತಂದಿದ್ದಾನೆ. ಸೂತ್ರ ಸರಿ, ಅದು ಬಳಕೆಯಾಗಬೇಕಾದ ಜಾಗ ತಪ್ಪು. 64 ಎಂದವನು 2ರ ಘನ ತೆಗೆದುಕೊಳ್ಳುವ ಬದಲು 4ರ ಘನ ತೆಗೆದುಕೊಂಡಿದ್ದಾನೆ. ಇದು ಅವಸರದ ತಪ್ಪು. ಮೂವರಿಗೂ ಒಂದೊಂದು ಅಂಕ ಹೋಯಿತು, ಆದರೆ ಮೂವರಿಗೂ ಬೇಕಾದ ಮದ್ದು ಬೇರೆ ಬೇರೆ. ಮೊದಲನೆಯವಳು ಪಠ್ಯಪುಸ್ತಕಕ್ಕೆ ಮರಳಬೇಕು, ಎರಡನೆಯವನು ಎರಡು ಸೂತ್ರಗಳನ್ನು ಅಕ್ಕಪಕ್ಕ ಬರೆದಿಡಬೇಕು, ಮೂರನೆಯವನು ಪ್ರಶ್ನೆಯನ್ನು ಎರಡು ಬಾರಿ ಓದುವ ರೂಢಿ ಮಾಡಿಕೊಳ್ಳಬೇಕು. ಉತ್ತರಸೂಚಿ ನೋಡಿ ‘ಓ, 32’ ಎಂದು ಮುಂದೆ ಹೋದರೆ ಮೂವರೂ ಮತ್ತೆ ಅದೇ ಹೊಂಡಕ್ಕೆ ಬೀಳುತ್ತಾರೆ.

ಇದಕ್ಕೆಂದೇ ‘ತಪ್ಪಿನ ಪುಸ್ತಕ’ವೊಂದನ್ನು ಇಡುವುದು ಒಳ್ಳೆಯದು. ಇನ್ನೂರು ಪುಟದ ನೋಟ್‌ಬುಕ್ ಸಾಕು. ಎಡಪುಟದಲ್ಲಿ ತಪ್ಪಾದ ಪ್ರಶ್ನೆ, ಬಲಪುಟದಲ್ಲಿ ಸರಿಯಾದ ಬಿಡಿಕೆ, ಕೆಳಗೆ ಒಂದೇ ಸಾಲಿನಲ್ಲಿ ತಪ್ಪಿನ ಕಾರಣ: ‘ಗೊತ್ತಿರಲಿಲ್ಲ’, ‘ಸೂತ್ರ ಅದಲುಬದಲಾಯಿತು’, ‘ಲೆಕ್ಕ ತಪ್ಪಿತು’, ‘ಪ್ರಶ್ನೆ ತಪ್ಪಾಗಿ ಓದಿದೆ’. ಒಂದು ವಾರದ ನಂತರ ಎಡಪುಟ ಮಾತ್ರ ನೋಡಿ ಮತ್ತೆ ಬಿಡಿಸಬೇಕು.

ಓದಿದ್ದನ್ನು ಮತ್ತೆ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಹೊರತೆಗೆದರೆ ಕಲಿತದ್ದು ಹೆಚ್ಚು ಕಾಲ ನಿಲ್ಲುತ್ತದೆಂದು ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡುವುದಕ್ಕಿಂತ ಬೇರೆ ಬೇರೆ ಬಗೆಯವನ್ನು ಬೆರೆಸಿ ಬಿಡಿಸುವುದು ಲಾಭಕರವೆಂದು ರೋರರ್ ಮತ್ತು ಟೇಲರ್ 2007ರಲ್ಲಿ ಗಣಿತದ ಲೆಕ್ಕಗಳಲ್ಲೇ ಕಂಡುಕೊಂಡರು. ಕಾರಣ ಸರಳ. ಅಧ್ಯಾಯದ ಕೊನೆಯ ಅಭ್ಯಾಸದಲ್ಲಿ ಯಾವ ಸೂತ್ರ ಬೇಕೆಂಬುದನ್ನು ಅಧ್ಯಾಯದ ಹೆಸರೇ ಹೇಳಿಬಿಡುತ್ತದೆ. ಪರೀಕ್ಷೆಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ.

ಭಾಷೆಯ ತೊಡಕು

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಪಿಯುಸಿಯ ಮೊದಲ ತಿಂಗಳುಗಳು ಬಹಳ ಕಷ್ಟ. ನಿನ್ನೆಯವರೆಗೆ ‘ಸಮಾಂತರ ಶ್ರೇಢಿ’ ಎಂದು ಚೆನ್ನಾಗಿ ಬಲ್ಲ ವಿಷಯವೇ ‘ಅರಿತ್ಮೆಟಿಕ್ ಪ್ರೋಗ್ರೆಷನ್’ ಎಂದಾಗ ಅಪರಿಚಿತವಾಗುತ್ತದೆ. ವಿಷಯ ಗೊತ್ತಿದ್ದೂ ಹೆಸರು ಗೊತ್ತಿಲ್ಲದೆ ಹಿಂದೆ ಬೀಳುವ ಮಕ್ಕಳು ‘ನಮಗೆ ಲೆಕ್ಕ ಬರೋದಿಲ್ಲ’ ಎಂದು ನಂಬಿಬಿಡುತ್ತಾರೆ. ಇದು ದೊಡ್ಡ ಅನ್ಯಾಯ. ಎರಡು ಕಂಬದ ಒಂದು ಪುಟ್ಟ ಪುಸ್ತಕದಲ್ಲಿ ದಿನಕ್ಕೆ ಐದರಂತೆ ಪದಗಳನ್ನು ಬರೆದುಕೊಂಡರೆ ಮೂರು ತಿಂಗಳಲ್ಲಿ ಈ ಗೋಡೆ ದಾಟಬಹುದು.

ಗಣಿತದ ದೊಡ್ಡ ಪದಗಳಿಗಿಂತ ಇಂಗ್ಲಿಷಿನ ಸಣ್ಣ ಪದಗಳೇ ಹೆಚ್ಚು ಎಡವಿಸುತ್ತವೆ. ಒಂದು ನಾಣ್ಯವನ್ನು ಮೂರು ಸಲ ಚಿಮ್ಮಿದಾಗ ‘ಅಟ್ ಲೀಸ್ಟ್’ ಒಂದು ಹೆಡ್, ಅಂದರೆ ಕನಿಷ್ಠ ಒಂದು ಹೆಡ್ ಬೀಳುವ ಸಂಭವನೀಯತೆ 7/8. ‘ಅಟ್ ಮೋಸ್ಟ್’ ಒಂದು ಎಂದರೆ ಹೆಚ್ಚೆಂದರೆ ಒಂದು, ಅದು 1/2. ‘ಎಕ್ಸಾಕ್ಟ್ಲಿ’ ಒಂದು ಎಂದರೆ ಸರಿಯಾಗಿ ಒಂದು, ಅದು 3/8. ಈ ಮೂರೂ ಬೆಲೆಗಳು ಒಂದೇ ಪ್ರಶ್ನೆಯ ಆಯ್ಕೆಗಳಾಗಿ ಕುಳಿತಿರಬಹುದು. ಸಂಭವನೀಯತೆ ಪೂರ್ತಿ ಬಲ್ಲವನೂ ಒಂದು ಪದದಲ್ಲಿ ಅಂಕ ಕಳೆದುಕೊಳ್ಳುತ್ತಾನೆ. ಸಿಇಟಿ ಪ್ರಶ್ನೆಗಳು ಕನ್ನಡದಲ್ಲೂ ದೊರೆಯುತ್ತವೆ. ಆದರೆ ಎರಡು ವರ್ಷ ಇಂಗ್ಲಿಷಿನಲ್ಲಿ ಓದಿದವರಿಗೆ ಪರೀಕ್ಷೆಯ ದಿನ ಕನ್ನಡದ ಪಾರಿಭಾಷಿಕ ಪದಗಳು ಮತ್ತೆ ಹೊಸದಾಗಿ ಕಾಣಬಾರದು. ಅದಕ್ಕಾಗಿಯಾದರೂ ಅಭ್ಯಾಸದಲ್ಲಿ ಎರಡನ್ನೂ ಬಳಸುವುದು ಲೇಸು.

ಕಾಲದ ಹಂಚಿಕೆ

2024ರಲ್ಲಿ ದ್ವಿತೀಯ ಪಿಯುಸಿಯ ಮೊದಲ ವಾರ್ಷಿಕ ಪರೀಕ್ಷೆ ಮಾರ್ಚ್ 22ಕ್ಕೆ ಮುಗಿದು ಏಪ್ರಿಲ್ 18ಕ್ಕೆ ಸಿಇಟಿ ಬಂತು. 2025ರಲ್ಲಿ ಮಾರ್ಚ್ 20ಕ್ಕೆ ಮುಗಿದು ಏಪ್ರಿಲ್ 16ಕ್ಕೆ ಬಂತು. ಎರಡೂ ವರ್ಷ ನಡುವೆ ಇದ್ದದ್ದು 27 ದಿನಗಳ ಅಂತರ. ಎರಡೂ ವರ್ಷ ಯುಗಾದಿ ಆ ದಿನಗಳೊಳಗೇ ಬಿತ್ತು. ಹಬ್ಬ, ಮಲೆ ಮಹದೇಶ್ವರನ ಬೆಟ್ಟದ ಜಾತ್ರೆ, ಮನೆಗೆ ಬರುವ ನೆಂಟರಿಷ್ಟರು ಎಲ್ಲವೂ ಅಷ್ಟರಲ್ಲೇ. ಇದನ್ನೆಲ್ಲ ಬಿಡಬೇಕೆಂದಿಲ್ಲ. ಈ 27 ದಿನಗಳು ಹೊಸದನ್ನು ಕಲಿಯಲು ಸಾಲವು, ಕಲಿತದ್ದನ್ನು ಹರಿತ ಮಾಡಿಕೊಳ್ಳಲು ಸಾಕು ಎಂದು ತಿಳಿದಿದ್ದರೆ ಆಯಿತು.

ವರ್ಷದ ಉದ್ದಕ್ಕೂ ಪ್ರತಿ ಅಧ್ಯಾಯ ಮುಗಿದ ವಾರವೇ ಅದರ ಮೂವತ್ತು-ನಲವತ್ತು ಬಹು ಆಯ್ಕೆ ಪ್ರಶ್ನೆಗಳನ್ನು ಬಿಡಿಸುವುದು ಮೊದಲ ಹಂತ. ಪಿಯು ವಾರ್ಷಿಕ ಪರೀಕ್ಷೆಯಲ್ಲೂ ಈಗ ಬಹು ಆಯ್ಕೆ ಪ್ರಶ್ನೆಗಳು ಇರುವುದರಿಂದ ಈ ಶ್ರಮ ಎರಡೂ ಕಡೆ ಫಲಿಸುತ್ತದೆ. ದಸರಾ ರಜೆಯಲ್ಲಿ ಮೊದಲ ವರ್ಷದ ಅಧ್ಯಾಯಗಳನ್ನು ತಿರುವಿಹಾಕುವುದು ಎರಡನೆಯ ಹಂತ. ಕೊನೆಯ 27 ದಿನಗಳಲ್ಲಿ ದಿನ ಬಿಟ್ಟು ದಿನ ಒಂದು ಪೂರ್ತಿ ಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ, ನಡುವಿನ ದಿನವನ್ನು ತಪ್ಪಿನ ಪುಸ್ತಕಕ್ಕೆ ಮೀಸಲಿಡುವುದು ಮೂರನೆಯ ಹಂತ. ಹೀಗೆ ಮಾಡಿದರೆ ಹದಿಮೂರು ಪತ್ರಿಕೆಗಳಾಗುತ್ತವೆ. ತಪ್ಪುಗಳನ್ನು ನೋಡದೆ ಮುಗಿಸಿದ ನಲವತ್ತು ಪತ್ರಿಕೆಗಳಿಗಿಂತ ಇವು ಮೇಲು.

ಪರೀಕ್ಷಾ ಕೊಠಡಿಯಲ್ಲಿ

80 ನಿಮಿಷಗಳನ್ನು ಮೂರು ಸುತ್ತುಗಳಾಗಿ ಹಂಚಿಕೊಳ್ಳುವುದು ರೂಢಿಯಲ್ಲಿರುವ ಕ್ರಮ. ಮೊದಲ ಸುತ್ತಿನಲ್ಲಿ ನೋಡಿದೊಡನೆ ದಾರಿ ತಿಳಿಯುವ ಪ್ರಶ್ನೆಗಳು: ಮೂವತ್ತು ಪ್ರಶ್ನೆಗಳಿಗೆ 40 ಸೆಕೆಂಡಿನಂತೆ 20 ನಿಮಿಷ. ಎರಡನೆಯ ಸುತ್ತಿನಲ್ಲಿ ದಾರಿ ಗೊತ್ತಿದ್ದೂ ಲೆಕ್ಕ ಉದ್ದವಿರುವವು: ಇಪ್ಪತ್ತು ಪ್ರಶ್ನೆಗಳಿಗೆ ಎರಡೆರಡು ನಿಮಿಷದಂತೆ 40 ನಿಮಿಷ. ಉಳಿದ 20 ನಿಮಿಷ ಕೊನೆಯ ಹತ್ತು ಪ್ರಶ್ನೆಗಳಿಗೂ ಓಎಂಆರ್ ಹಾಳೆಯನ್ನು ಪರಿಶೀಲಿಸುವುದಕ್ಕೂ. ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಹಾಳೆಯಲ್ಲಿಯೂ ಆ ವೃತ್ತ ಬಿಟ್ಟು ಹೋಗಬೇಕು. ಒಂದು ಸಾಲು ಜಾರಿದರೆ ಅಲ್ಲಿಂದಾಚೆಗಿನ ಸರಿ ಉತ್ತರಗಳೆಲ್ಲ ತಪ್ಪಾಗುತ್ತವೆ. ಹಾಳೆಯಲ್ಲಿ ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್ ತುಂಬುವುದನ್ನು ಮರೆಯಬಾರದು.

ತಪ್ಪಿಗೆ ಅಂಕ ಕಳೆಯದಿರುವುದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಏನೂ ತಿಳಿಯದ 12 ಪ್ರಶ್ನೆಗಳಿಗೆ ಸುಮ್ಮನೆ ಗುರುತು ಹಾಕಿದರೂ ಸರಾಸರಿ 3 ಅಂಕ ಬರುತ್ತವೆ. ಎರಡೆರಡು ಆಯ್ಕೆಗಳನ್ನು ಖಚಿತವಾಗಿ ತೆಗೆದುಹಾಕಲು ಬಂದರೆ ಅದೇ 6 ಆಗುತ್ತದೆ. ಊಹೆಗೂ ಓದು ಬೇಕೆಂಬುದು ಇದರ ಅರ್ಥ.

ಇತರ ಪರೀಕ್ಷೆಗಳೊಂದಿಗೆ ಹೋಲಿಕೆ

ಕಾಮೆಡ್-ಕೆ ಪರೀಕ್ಷೆಯಲ್ಲೂ ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದರೆ ಅದು ಕಂಪ್ಯೂಟರಿನಲ್ಲಿ ನಡೆಯುತ್ತದೆ. ಮೂರು ವಿಷಯಗಳ 180 ಪ್ರಶ್ನೆಗಳಿಗೆ 180 ನಿಮಿಷ. 2013ರಲ್ಲಿ ಆರಂಭವಾದ ಜೆಇಇ ಮೇನ್‌ನಲ್ಲಿ ಬಹು ಆಯ್ಕೆ ಪ್ರಶ್ನೆಗೆ ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಸಿಇಟಿಯಲ್ಲಿ ವೇಗ ಹೆಚ್ಚು ಬೇಕು, ಜೆಇಇಯಲ್ಲಿ ಆಳ ಹೆಚ್ಚು ಬೇಕು. 2021ರಿಂದ ಜೆಇಇ ಮೇನ್ ಪ್ರಶ್ನೆಗಳು ಕನ್ನಡದಲ್ಲೂ ಸಿಗುತ್ತಿವೆ.

ಮಿತಿ ಮತ್ತು ಮೌಲ್ಯ

ನಾಲ್ಕು ಆಯ್ಕೆಗಳ ಪರೀಕ್ಷೆ ಗಣಿತದ ಎಲ್ಲ ಸತ್ವವನ್ನೂ ಅಳೆಯಲಾರದು. ಸಾಧನೆ ಬರೆಯುವ ಶಿಸ್ತು, ಒಂದು ಲೆಕ್ಕದ ಮೇಲೆ ಎರಡು ದಿನ ಕೂರುವ ತಾಳ್ಮೆ 80 ಸೆಕೆಂಡಿನಲ್ಲಿ ಕಾಣುವಂಥವಲ್ಲ. ಕಡಿಮೆ ರ‍್ಯಾಂಕ್ ಬಂದವರೆಲ್ಲ ದಡ್ಡರೂ ಅಲ್ಲ. ಆದರೂ ಈ ಪರೀಕ್ಷೆಯಲ್ಲಿ ಒಂದು ನ್ಯಾಯವಿದೆ. ಓಎಂಆರ್ ಹಾಳೆಗೆ ವಿದ್ಯಾರ್ಥಿಯ ಊರು, ತಂದೆಯ ಕೆಲಸ, ಓದಿದ ಕಾಲೇಜಿನ ಹೆಸರು ಯಾವುದೂ ಗೊತ್ತಾಗುವುದಿಲ್ಲ. ಪ್ರಾಧಿಕಾರ ಉತ್ತರಸೂಚಿಯನ್ನು ಮೊದಲೇ ಪ್ರಕಟಿಸಿ ಆಕ್ಷೇಪಣೆ ಕೇಳುತ್ತದೆ. ಹಳ್ಳಿಯ ಹುಡುಗಿಯ ಆಕ್ಷೇಪಣೆಗೂ ಅಲ್ಲಿ ಅದೇ ಜಾಗವಿದೆ.

ಈ ನ್ಯಾಯ ಫಲ ಕೊಡಬೇಕಾದರೆ ಊರು ಸ್ವಲ್ಪ ಕೈಜೋಡಿಸಬೇಕು. ಹಿಂದಿನ ಹತ್ತು ವರ್ಷಗಳ ಗಣಿತ ಪತ್ರಿಕೆಗಳನ್ನು ಮುದ್ರಿಸಿ ಹೊಲಿದರೆ ಒಂದು ತೆಳ್ಳನೆಯ ಪುಸ್ತಕವಾಗುತ್ತದೆ. ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಅಂಥ ಎರಡು ಪ್ರತಿಗಳು, ಸಂಜೆ ಎರಡು ತಾಸು ಬೆಳಕು, ಲೆಕ್ಕ ಬಲ್ಲ ಒಬ್ಬ ಹಿರಿಯರು ಇದ್ದರೆ ಸಾಕು. ಹರದನಹಳ್ಳಿಯ ಓದುಗರಾಗಲಿ, ಬೇರೆ ಯಾವ ಹಳ್ಳಿಯ ಓದುಗರಾಗಲಿ, ಈ ವರ್ಷವೇ ತಮ್ಮ ಊರಿನಲ್ಲಿ ಇದನ್ನು ಆರಂಭಿಸಬೇಕೆಂಬುದು ಈ ಲೇಖನದ ಕೋರಿಕೆ.